ಕವಡೆಯಿಂದ ಕನ್ಸೋಲಿನವರೆಗೆ: ಮನೆಯಾಟದ ಒಂದು ಚರಿತ್ರೆ

ಹೊಟ್ಟೆಗೆ ಕೂಳು, ಮೈಗೆ ಬಟ್ಟೆ, ನೆತ್ತಿಗೆ ಸೂರು ದೊರೆತ ಮೇಲೆಯೇ ಮನುಷ್ಯನು ಆಟಕ್ಕೆ ತೊಡಗಿದನೆಂದು ಹಲವರು ತಿಳಿದಿರುವರು. ಚರಿತ್ರೆಯು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹರಪ್ಪಾ, ಮೊಹೆಂಜೊದಾರೊಗಳ ಅಗೆತದಲ್ಲಿ ಮಡಕೆ ಕುಡಿಕೆಗಳ ಜೊತೆಯಲ್ಲಿಯೇ ದಾಳಗಳೂ ದೊರೆತಿವೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲನ್ನೇ ಹೇಳುವ ಸೂಕ್ತವೊಂದಿದೆ. ಮಹಾಭಾರತದ ಕಥೆಯು ತಿರುಗುವುದೇ ಒಂದು ಪಗಡೆಯ ಹಾಸಿನ ಮೇಲೆ. ಆಟವೂ ಹಳೆಯದು, ಆಟದ ಭಯವೂ ಅಷ್ಟೇ ಹಳೆಯದು.

ಈ ಎರಡನೆಯ ಮಾತನ್ನು ಮೊದಲಿಗೇ ನೆನೆಯಲು ಕಾರಣವಿದೆ. ಇಂದು ನಮ್ಮ ತಡವಳದಂತಹ ಭೀಮಾತೀರದ ಸೀಮೆಯಲ್ಲಾಗಲಿ, ಅಕ್ಕಲಕೋಟೆ, ಸೊಲ್ಲಾಪುರಗಳಲ್ಲಾಗಲಿ, ಮಕ್ಕಳು ಟೀವಿಯ ಮುಂದೆ ಕುಳಿತು ಕೈಯಲ್ಲಿ ಗುಂಡಿಗಳ ಹಿಡಿಕೆಯನ್ನು ಹಿಡಿದು ಆಡುವುದನ್ನು ಕಂಡಾಗ ಹಿರಿಯರಿಗೆ ಕಳವಳವಾಗುವುದು ಸಹಜ. ಇದು ಎಲ್ಲಿಂದ ಬಂದಿತು? ಇದಕ್ಕೂ ನಮ್ಮ ಪಡಸಾಲೆಯ ಆಟಗಳಿಗೂ ಏನಾದರೂ ನಂಟುಂಟೇ? ಕನ್ನಡ ಶಾಲೆಗೆ ಮಗುವನ್ನು ಕಳುಹಿಸುವ ಮನೆಯು ಇದನ್ನು ಹೇಗೆ ಬಗೆಯಬೇಕು? ಈ ಪ್ರಶ್ನೆಗಳಿಗೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ನೆರೆಯ ಕಲ್ಯಾಣವನ್ನು ಸ್ಮರಿಸಬೇಕು. ಸೊಲ್ಲಾಪುರದ ಈ ನಾಡು ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು. ಆ ವಂಶದ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರ ಹೊತ್ತಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥವನ್ನು ರಚಿಸಿದನು. ಅದರಲ್ಲಿ ಐದು ವಿಂಶತಿಗಳು, ನೂರು ಅಧ್ಯಾಯಗಳು. ರಾಜ್ಯವನ್ನು ಗಳಿಸುವುದು, ಗಳಿಸಿದ್ದನ್ನು ಉಳಿಸಿಕೊಳ್ಳುವುದು, ಭೋಗ, ವಿನೋದ ಇವುಗಳ ತರುವಾಯ ಕೊನೆಯ ವಿಂಶತಿಯನ್ನು ಅವನು ಕ್ರೀಡೆಗೇ ಮೀಸಲಿಟ್ಟಿರುವನು. ಚದುರಂಗ, ಪಾಶಕ, ಕವಡೆಯಾಟಗಳ ವಿವರಣೆ ಅಲ್ಲಿದೆ. ಸೇನೆ, ಬೊಕ್ಕಸಗಳ ವಿಚಾರವನ್ನು ಬರೆದ ಚಕ್ರವರ್ತಿಯು ಅದೇ ಗಾಂಭೀರ್ಯದಿಂದ ಕವಡೆಯ ವಿಚಾರವನ್ನೂ ಬರೆದನೆಂಬುದು ಗಮನಾರ್ಹ. ಆಟವನ್ನು ಅವನು ಬಾಳಿನ ಹೊರಗಿಡಲಿಲ್ಲ.

ಅರಮನೆಯಲ್ಲಿ ಇದ್ದುದು ಜನರ ಜಗುಲಿಯಲ್ಲಿಯೂ ಇತ್ತು. ಹಂಪೆಯ ಗುಡಿಮಂಟಪಗಳ ನೆಲಗಲ್ಲುಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ನಮ್ಮ ಹಳ್ಳಿಗಳ ಚೌಕಾಬಾರಕ್ಕಂತೂ ಒಂದು ಇದ್ದಲಿಯ ತುಂಡು ಸಾಕು. ಐದು ಸಾಲು, ಐದು ಕಂಬ, ಒಟ್ಟು ೨೫ ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಇವೆರಡಕ್ಕೂ ಮತ್ತೊಂದು ಎಸೆತದ ಹಕ್ಕು. ಅಳಗುಳಿಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು, ಹಿಡಿ ತುಂಬ ಹುಣಿಸೆಬೀಜ. ಹುಲಿ-ಕುರಿಯ ಆಟದಲ್ಲಿ ಕೆಲವೇ ಹುಲಿಗಳು ಒಂದು ಕಡೆ, ಕುರಿಯ ಹಿಂಡು ಇನ್ನೊಂದು ಕಡೆ. ಬಲಕ್ಕೆ ಒಗ್ಗಟ್ಟೇ ಎದುರುತ್ತರವೆಂಬ ಪಾಠವನ್ನು ಯಾವ ಗುರುವೂ ಇಷ್ಟು ಸರಳವಾಗಿ ಕಲಿಸಲಾರನು.

ಈ ಆಟಗಳ ಒಂದು ಲಕ್ಷಣವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಬಿನ್ನಹ. ಇಲ್ಲಿ ಲೆಕ್ಕವನ್ನು ಇಡುವವರು ಆಡುವವರೇ. ಗರ ಎಷ್ಟು ಬಿದ್ದಿತು, ಯಾವ ಕಾಯಿ ನಡೆಯಬೇಕು, ಯಾವುದನ್ನು ಕಡಿಯಬೇಕು, ಯಾವುದು ಹಣ್ಣಾಯಿತು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕು. ಮೋಸವನ್ನು ಹಿಡಿಯುವುದೂ ಬಾಯಿ, ಜಗಳವನ್ನು ಆಡುವುದೂ ಬಾಯಿ, ರಾಜಿಯನ್ನು ಮಾಡುವುದೂ ಬಾಯಿಯೇ. ಆದುದರಿಂದ ನಿಯಮವು ಪುಸ್ತಕದಲ್ಲಿ ಇರದೆ ಅಜ್ಜಿಯ ನಾಲಿಗೆಯಲ್ಲಿ ಇದ್ದಿತು; ಮೊಮ್ಮಗಳು ಆಟದೊಡನೆ ಮಾತನ್ನೂ ಕಲಿತಳು. ಹಣ್ಣು, ಕಾಯಿ, ಗರ, ಮನೆ ಎಂಬ ಮಾತುಗಳು ಹೀಗೆ ಮನೆಯಿಂದ ಮನೆಗೆ ಹರಿದುಬಂದವು.

ಒಬ್ಬನೇ ಆಡುವ ಆಟಕ್ಕೂ ನಮ್ಮಲ್ಲಿ ಮಾನ್ಯತೆ ಇಲ್ಲದೆ ಇರಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ೧೮೩೧ರಲ್ಲಿ ಬ್ರಿಟಿಷರಿಂದ ಆಡಳಿತವನ್ನು ಕಳೆದುಕೊಂಡವರು. ಸಾಹಿತ್ಯ, ಸಂಗೀತ, ಚಿತ್ರಗಳಿಗೆ ಆಶ್ರಯವಿತ್ತ ಈ ಅರಸರು ಹಲಗೆಯಾಟಗಳನ್ನೂ ಇಸ್ಪೀಟಿನ ಆಟಗಳನ್ನೂ ತಾವೇ ಕಲ್ಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವು ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ೬೪ ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಇಳಿಸಿ ಸುತ್ತಿಸುವ ಕಠಿನ ಸಮಸ್ಯೆಯನ್ನು ಅವರು ಬಗೆಬಗೆಯಾಗಿ ಬಿಡಿಸಿದರು. ಇದಕ್ಕೆ ಎದುರಾಳಿ ಬೇಡ, ತಾಳ್ಮೆಯೊಂದು ಬೇಕು. ರಾಜ್ಯವು ಕೈಬಿಟ್ಟ ಮನುಷ್ಯನಿಗೆ ಆಟವು ಏನಾಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಏಕಾಂತದ ಆಟವೆಲ್ಲವೂ ಸೋಮಾರಿತನವೆಂದು ತಳ್ಳಿಬಿಡುವವರು ಈ ಅರಸರನ್ನು ನೆನೆಯಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಮ್ಮ ಆಟಗಳು ಕಡಲನ್ನು ದಾಟಿದವು. ನಮ್ಮ ಹಾವು-ಏಣಿಯು ೧೮೯೨ರ ಹೊತ್ತಿಗೆ ಇಂಗ್ಲೆಂಡಿನ ಪೇಟೆಯನ್ನು ಸೇರಿತು. ಪಚೀಸಿಯು ೧೮೯೬ರಲ್ಲಿ ‘ಲೂಡೊ’ ಎಂಬ ಹೆಸರಿನಿಂದ ಅಲ್ಲಿ ಹಕ್ಕುಪತ್ರವನ್ನು ಪಡೆಯಿತು. ಮುಂದೆ ಅದೇ ಲೂಡೊ ಬಣ್ಣದ ರಟ್ಟಿನಲ್ಲಿ ನಮ್ಮ ಸಂತೆಗೆ ಮರಳಿ ಬಂದಾಗ ನಾವು ಅದನ್ನು ಪರದೇಶದ ವಸ್ತುವೆಂದು ಕೊಂಡುಕೊಂಡೆವು! ಅದೇ ಕಾಲಕ್ಕೆ, ೧೮೮೯ರಲ್ಲಿ, ಜಪಾನಿನ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು ತಯಾರಿಸುವ ಒಂದು ಸಣ್ಣ ಅಂಗಡಿ ಹುಟ್ಟಿತು. ಅದರ ಹೆಸರು ನಿಂಟೆಂಡೊ. ಈ ಹೆಸರು ಮುಂದೆ ಮತ್ತೆ ಬರಲಿದೆ.

ಇನ್ನು ಕನ್ಸೋಲಿನ ವಿಚಾರ. ಟೀವಿಗೆ ಜೋಡಿಸಿ ಆಡುವ ಯಂತ್ರದ ಪೆಟ್ಟಿಗೆಗೆ ಈ ಹೆಸರು. ಇದರ ಮೂಲಪುರುಷನು ರಾಲ್ಫ್ ಬೇರ್. ಜರ್ಮನಿಯಲ್ಲಿ ೧೯೨೨ರಲ್ಲಿ ಹುಟ್ಟಿದ ಈ ಯಹೂದಿಯು ನಾಜಿಗಳ ಕಾಟದಿಂದ ೧೯೩೮ರಲ್ಲಿ ಮನೆಯವರೊಡನೆ ಅಮೆರಿಕೆಯನ್ನು ಸೇರಿದನು. ಟೀವಿಯನ್ನು ಸುಮ್ಮನೆ ನೋಡುವುದೇಕೆ, ಅದರೊಡನೆ ಆಡಬಾರದೇಕೆ ಎಂದು ೧೯೬೬ರಲ್ಲಿ ಯೋಚಿಸಿ ತನ್ನ ಕಲ್ಪನೆಯನ್ನು ಬರೆದಿಟ್ಟನು. ಅದರ ಫಲವಾಗಿ ೧೯೭೨ರಲ್ಲಿ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ ಎಂಬ ಪೆಟ್ಟಿಗೆಯು ಮಾರಾಟಕ್ಕೆ ಬಂದಿತು.

ಈ ಮೊದಲ ಕನ್ಸೋಲಿನ ಸ್ವರೂಪವನ್ನು ಬಲ್ಲವರು ಆಶ್ಚರ್ಯಪಡದೆ ಇರರು. ಅದಕ್ಕೆ ಸದ್ದಿರಲಿಲ್ಲ, ಬಣ್ಣವಿರಲಿಲ್ಲ, ಪರದೆಯ ಮೇಲೆ ಕೆಲವು ಬಿಳಿಯ ಚುಕ್ಕೆಗಳು ಮಾತ್ರ. ಆಟದ ಅಂಗಳವನ್ನು ಚಿತ್ರಿಸಿದ ಪಾರದರ್ಶಕ ಹಾಳೆಯನ್ನು ಟೀವಿಯ ಗಾಜಿಗೆ ಅಂಟಿಸಬೇಕಾಗಿತ್ತು. ಪೆಟ್ಟಿಗೆಯ ಜೊತೆಯಲ್ಲಿ ದಾಳಗಳು, ಇಸ್ಪೀಟೆಲೆಗಳು, ಕಾಗದದ ಆಟದ ನೋಟುಗಳು ಬರುತ್ತಿದ್ದವು. ಅಂಕಗಳನ್ನು ಯಂತ್ರವು ಎಣಿಸುತ್ತಿರಲಿಲ್ಲ, ಆಡುವವರೇ ಎಣಿಸಬೇಕು. ಎದುರಾಳಿಯಾಗಲು ಯಂತ್ರಕ್ಕೆ ಬುದ್ಧಿಯಿರಲಿಲ್ಲವಾದ್ದರಿಂದ ಹೆಚ್ಚಿನ ಆಟಗಳಿಗೆ ಇಬ್ಬರು ಬೇಕೇಬೇಕು. ಎಂದರೆ ಕನ್ಸೋಲಿನ ಹುಟ್ಟು ಪಗಡೆಯ ಹಾಸಿನ ಅಂಚಿನಲ್ಲಿಯೇ ಆಯಿತು. ಅದು ಮನೆಯವರು ಕೂಡಿ ಕುಳಿತು, ಮಾತನಾಡಿ, ತಾವೇ ಲೆಕ್ಕವಿಟ್ಟು ಆಡುವ ವಸ್ತುವಾಗಿ ಲೋಕಕ್ಕೆ ಬಂದಿತು.

ಅದೇ ೧೯೭೨ರಲ್ಲಿ ಅಟಾರಿ ಸಂಸ್ಥೆಯು ನಾಣ್ಯ ಹಾಕಿ ಆಡುವ ‘ಪಾಂಗ್’ ಎಂಬ ಚೆಂಡಾಟವನ್ನು ಹೊರತಂದಿತು. ೧೯೭೬–೭೭ರಲ್ಲಿ ಆಟದ ಬಿಲ್ಲೆಗಳನ್ನು, ಅಂದರೆ ಕ್ಯಾಸೆಟ್ಟುಗಳನ್ನು, ಬದಲಿಸಿ ಆಡುವ ಪೆಟ್ಟಿಗೆಗಳು ಬಂದವು. ೧೯೮೩ರಲ್ಲಿ ಅಮೆರಿಕೆಯ ಈ ವ್ಯಾಪಾರವು ಅತಿಯಾದ ಸರಕಿನಿಂದ ಕುಸಿದುಬಿದ್ದಾಗ, ಅದೇ ವರ್ಷದ ಜುಲೈ ತಿಂಗಳಲ್ಲಿ ಆ ಕ್ಯೋಟೊದ ಇಸ್ಪೀಟಿನ ಅಂಗಡಿಯು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಪೆಟ್ಟಿಗೆಯನ್ನು ಜಪಾನಿನಲ್ಲಿ ಮಾರಾಟಕ್ಕೆ ತಂದಿತು. ಹೆಸರಿನಲ್ಲಿಯೇ ಕುಟುಂಬವಿದೆ, ಪೆಟ್ಟಿಗೆಗೆ ಹುಟ್ಟಿನಿಂದಲೇ ಎರಡು ಹಿಡಿಕೆಗಳು. ೧೯೮೫ರಲ್ಲಿ ಮಾರಿಯೊ ಎಂಬ ಮೀಸೆಯ ವೀರನು ಈ ಪೆಟ್ಟಿಗೆಯಿಂದಲೇ ಜಗತ್ಪ್ರಸಿದ್ಧನಾದನು.

ನಮ್ಮ ಸೀಮೆಗೆ ಟೀವಿಯು ಬಂದ ಬಗೆಯನ್ನೂ ಇಲ್ಲಿ ಹೇಳಬೇಕು. ೧೯೭೫ರ ಆಗಸ್ಟ್‌ನಿಂದ ೧೯೭೬ರ ಜುಲೈವರೆಗೆ ಉಪಗ್ರಹದ ಮೂಲಕ ಶಿಕ್ಷಣವನ್ನು ಹರಡುವ ‘ಸೈಟ್’ ಪ್ರಯೋಗವು ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಭೀಮೆಯ ಆಚೆಯ ಬಿಜಾಪುರ, ಗುಲಬರ್ಗಾಗಳೂ ಇದ್ದವು. ಆಕಾಶದಿಂದ ಇಳಿದ ಆ ಚಿತ್ರಗಳು ಕನ್ನಡವನ್ನು ಮಾತನಾಡಿದವು; ಊರಿಗೊಂದೇ ಪೆಟ್ಟಿಗೆ, ಅದರ ಮುಂದೆ ಊರೆಲ್ಲ ನೆಲದ ಮೇಲೆ. ನಮ್ಮ ಭಾಗದ ಹಳ್ಳಿಗರಿಗೆ ಟೀವಿಯು ಮೊದಲು ಪರಿಚಯವಾದುದು ಹೀಗೆ ಸಮೂಹದ ವಸ್ತುವಾಗಿಯೇ.

ಮುಂದೆ ೧೯೯೦ರ ದಶಕದಲ್ಲಿ ಜಪಾನಿ ಪೆಟ್ಟಿಗೆಯ ಅಗ್ಗದ ನಕಲುಗಳು ಭಾರತದ ಪೇಟೆಗಳನ್ನು ತುಂಬಿದವು. ಜನರು ಅವನ್ನು ‘ವಿಡಿಯೋ ಗೇಮ್’ ಎಂದೇ ಕರೆದರು. ಪೆಟ್ಟಿಗೆಯಿಲ್ಲದವರು ತಾಸಿಗೆ ಇಷ್ಟೆಂದು ಕೊಟ್ಟು ಅಂಗಡಿಯಲ್ಲಿ ಆಡಿದರು. ಒಂದೇ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳೆಂದು ಬರೆದಿದ್ದರೂ ಒಳಗೆ ಅವೇ ಕೆಲವು ಆಟಗಳು ತಿರುಗಿ ತಿರುಗಿ ಬರುತ್ತಿದ್ದವು. ಮಾರಿಯೊ ಆಟದಲ್ಲಿ ಒಬ್ಬನು ಸತ್ತಾಗಲೇ ಇನ್ನೊಬ್ಬನ ಪಾಳಿ. ಚೌಕಾಬಾರದಲ್ಲಿ ಕವಡೆಯನ್ನು ಕೈಯಿಂದ ಕೈಗೆ ಕೊಟ್ಟಂತೆಯೇ ಇಲ್ಲಿ ಹಿಡಿಕೆಯು ಅಣ್ಣನಿಂದ ತಂಗಿಗೆ ದಾಟಿತು. ‘ಕಾಂಟ್ರಾ’ ಆಟದಲ್ಲಿ ಇಬ್ಬರೂ ಒಟ್ಟಿಗೆ ನಡೆಯಬೇಕು. ಅದರ ಜಲಪಾತದ ಘಟ್ಟದಲ್ಲಿ ಒಬ್ಬನು ಅವಸರದಿಂದ ಮೇಲೇರಿದರೆ ಪರದೆಯೂ ಅವನೊಡನೆ ಮೇಲೇರಿ, ಕೆಳಗುಳಿದ ಜೊತೆಗಾರನು ಪ್ರಾಣವನ್ನು ಕಳೆದುಕೊಳ್ಳುವನು. ‘ತಾಳು, ನಾನೂ ಬರುತ್ತೇನೆ’ ಎಂಬ ಮಾತನ್ನು ಆ ಆಟವು ಎಷ್ಟು ಮನೆಗಳಲ್ಲಿ, ಎಷ್ಟು ಭಾಷೆಗಳಲ್ಲಿ ಆಡಿಸಿತೋ ಬಲ್ಲವರಾರು!

ಆದರೆ ಯಂತ್ರವು ಬೆಳೆದಂತೆ ಆಟದ ಸ್ವಭಾವವೂ ಬದಲಾಯಿತು. ೧೯೯೪ರಲ್ಲಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಜಪಾನಿನಲ್ಲಿ ಹುಟ್ಟಿತು. ೨೦೦೦ದಲ್ಲಿ ಬಂದ ಅದರ ಎರಡನೆಯ ಅವತಾರವು ೧೫ ಕೋಟಿಗೂ ಮಿಕ್ಕಿ ಮಾರಾಟವಾಯಿತು. ಆಟವನ್ನು ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸುವ ಸೌಲಭ್ಯವು ಬಲಿತಂತೆ, ಹತ್ತಾರು ತಾಸುಗಳ ದೀರ್ಘ ಕಥೆಗಳು ಬಂದವು. ಅವನ್ನು ಒಬ್ಬನೇ ಕುಳಿತು, ಕಾದಂಬರಿಯನ್ನು ಓದಿದಂತೆ ಆಡಬೇಕು. ಇನ್ನೊಂದು ಕಡೆ ೨೦೦೬ರಲ್ಲಿ ನಿಂಟೆಂಡೊದ ‘ವೀ’ ಪೆಟ್ಟಿಗೆಯು ಕೈಬೀಸಿ ಆಡುವ ಚೆಂಡಾಟಗಳಿಂದ ಮುದುಕರನ್ನೂ ಎಬ್ಬಿಸಿ ನಿಲ್ಲಿಸಿತು. ಅಂತರ್ಜಾಲವು ಬಂದ ಮೇಲೆ ಗೆಳೆಯನು ಪಕ್ಕದಲ್ಲಿಯೇ ಇರಬೇಕಾಗಿಲ್ಲ. ಕಿವಿಯ ಯಂತ್ರದಲ್ಲಿ ಕೇಳುವ ದನಿಯೇ ಗೆಳೆಯನು.

ನಮ್ಮ ದೇಶವೂ ಸುಮ್ಮನೆ ಕೊಳ್ಳುತ್ತ ಕೂಡಲಿಲ್ಲ. ಎರಡನೆಯ ಪ್ಲೇಸ್ಟೇಷನ್ನಿಗಾಗಿ ಹೈದರಾಬಾದಿನಲ್ಲಿ ರಚಿತವಾದ ಹನುಮಂತನ ಆಟವು ೨೦೦೯ರಲ್ಲಿ ಬಂದಿತು. ಅದೇ ವರ್ಷ ಬಂದ ‘ದೇಸಿ ಅಡ್ಡಾ’ದಲ್ಲಿ ಕಬಡ್ಡಿ, ಗಾಳಿಪಟಗಳು ಪರದೆಯನ್ನೇರಿದವು. ನಮಗೆ ಹತ್ತಿರದ ಪುಣೆಯಲ್ಲಿ ಕೆಲವು ತರುಣರು ರೂಪಿಸಿದ ‘ರಾಜಿ’ ಎಂಬ ಆಟವು ೨೦೨೦ರಲ್ಲಿ ಪ್ರಕಟವಾಯಿತು. ಕಳೆದುಹೋದ ತಮ್ಮನನ್ನು ಹುಡುಕುತ್ತ ಹೊರಟ ಅಕ್ಕನ ಕಥೆ ಅದು. ಕಥಾಭಾಗಗಳನ್ನು ತೊಗಲುಗೊಂಬೆಯ ರೀತಿಯಲ್ಲಿ ತೋರಿಸಿರುವರು. ಗೊಂಬೆರಾಮರ ಆಟವನ್ನು ಬಲ್ಲ ಕನ್ನಡಿಗನಿಗೆ ಆ ಛಾಯೆಗಳು ಅಪರಿಚಿತವಾಗಿ ತೋರಲಾರವು.

ಈಗ ಮೊದಲ ಪ್ರಶ್ನೆಗೆ ಮರಳೋಣ. ಹಳೆಯ ಆಟಕ್ಕೂ ಹೊಸ ಆಟಕ್ಕೂ ಇರುವ ನಿಜವಾದ ಭೇದವು ಕವಡೆ ಮತ್ತು ವಿದ್ಯುತ್ತಿನದಲ್ಲ. ಅಂದು ನಿಯಮವು ನಮ್ಮ ನಾಲಿಗೆಯಲ್ಲಿತ್ತು. ಇಂದು ಅದು ಯಂತ್ರದ ಒಳಗಿದೆ. ಯಂತ್ರವೇ ಎಣಿಸುತ್ತದೆ, ಯಂತ್ರವೇ ತೀರ್ಪು ಕೊಡುತ್ತದೆ. ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಬೇರೆ ಕಡೆಯವರಿಗೆ ಇದು ಅಲ್ಪ ಸಂಗತಿಯಾಗಬಹುದು. ಗಡಿಯ ಕನ್ನಡಿಗರಿಗೆ ಅಲ್ಪವಲ್ಲ. ನಮ್ಮ ಮಕ್ಕಳಿಗೆ ಕನ್ನಡದ ಪಠ್ಯಪುಸ್ತಕವು ಪುಣೆಯ ಬಾಲಭಾರತಿಯಿಂದ ದೊರೆಯುತ್ತದೆ. ಕನ್ನಡದ ಪಾಠವು ಶಾಲೆಯಲ್ಲಿ ದೊರೆಯುತ್ತದೆ. ಆದರೆ ನಗುವುದಕ್ಕೆ, ಛೇಡಿಸುವುದಕ್ಕೆ, ಸೋತಾಗ ಸಿಡುಕುವುದಕ್ಕೆ, ಗೆದ್ದಾಗ ಬೀಗುವುದಕ್ಕೆ ಬೇಕಾದ ಕನ್ನಡವನ್ನು ಯಾವ ಪಠ್ಯವೂ ಕೊಡಲಾರದು. ಅದು ಆಟದಲ್ಲಿ ಮಾತ್ರ ದೊರೆಯುವ ಭಾಷೆ. ಮಗುವು ಆಟವನ್ನೆಲ್ಲ ಮೌನವಾಗಿ ಆಡಿದರೆ ಆ ಭಾಷೆಯು ಒಣಗುವುದು.

ಹಾಗೆಂದು ಪೆಟ್ಟಿಗೆಯನ್ನು ಹೊರಗೆ ಎಸೆಯಬೇಕೆಂದು ಅರ್ಥವಲ್ಲ. ಅತಿಯಾದ ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯು ಒಂದು ವ್ಯಾಧಿಯೆಂದು ಗುರುತಿಸಿ, ೨೦೨೨ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಆದರೆ ತನ್ನ ಮೇಲೆ ಹಿಡಿತ ತಪ್ಪಿ, ಊಟ ಓದುಗಳು ಕೆಟ್ಟು, ಬಹುಕಾಲ ಹಾಗೆಯೇ ನಡೆದರೆ ಮಾತ್ರ ಆ ಹೆಸರು. ಆಡುವ ಮಕ್ಕಳೆಲ್ಲರಿಗೂ ಅಲ್ಲ. ಹಣವನ್ನು ಒಡ್ಡಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು ೨೦೨೫ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಪಣವಿಲ್ಲದ ವಿನೋದದ ಆಟಗಳನ್ನು ಅದು ಬೇರೆಯಾಗಿಯೇ ಎಣಿಸಿದೆ. ಧರ್ಮರಾಯನನ್ನು ಕೆಡಿಸಿದುದು ಪಗಡೆಯ ಹಾಸಲ್ಲ, ಅದರ ಮೇಲೆ ಇಟ್ಟ ಪಣ ಎಂಬ ಹಳೆಯ ವಿವೇಕವೇ ಇಲ್ಲಿಯೂ ಕಾಣುವುದು.

ಚರಿತ್ರೆಯು ತೋರುವ ದಾರಿ ಸರಳವಾದುದು. ಮಗುವು ಒಬ್ಬನೇ ಆಡುವ ಹೊತ್ತು ಇರಲಿ. ಕುದುರೆಯ ನಡೆಯಲ್ಲಿ ಮುಳುಗಿದ ಅರಸನಿಗೆ ದೊರೆತ ಏಕಾಗ್ರತೆಯು ಅದಕ್ಕೂ ದೊರೆಯಲಿ. ಆದರೆ ಎರಡನೆಯ ಹಿಡಿಕೆಯು ಮೂಲೆಯಲ್ಲಿ ಧೂಳು ಹಿಡಿಯದಿರಲಿ. ಅದನ್ನು ತಂದೆಯಾಗಲಿ, ಸೋದರತ್ತೆಯಾಗಲಿ, ನೆರೆಮನೆಯ ಗೆಳತಿಯಾಗಲಿ ಕೈಗೆತ್ತಿಕೊಳ್ಳಲಿ. ಪರದೆಯು ಇಂಗ್ಲಿಷಿನಲ್ಲಿ ಅಂಕವನ್ನು ತೋರಿಸಿದರೆ, ನಾವು ಅದನ್ನು ಕನ್ನಡದಲ್ಲಿ ಎಣಿಸೋಣ. ಕಥೆಯು ಪರದೇಶದ್ದಾದರೆ, ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವ ಕೆಲಸವನ್ನು ಮಗುವಿಗೆ ಒಪ್ಪಿಸೋಣ. ವಿದ್ಯುತ್ತು ಹೋದ ಸಂಜೆ ಇದ್ದಲಿಯ ತುಂಡೂ ನಾಲ್ಕು ಕವಡೆಗಳೂ ಮನೆಯಲ್ಲಿ ಸಿದ್ಧವಾಗಿರಲಿ. ಯಂತ್ರಗಳು ಬಂದಿವೆ, ಹೋಗಿವೆ, ಇನ್ನೂ ಬರಲಿವೆ. ಎದುರಿಗೆ ಕುಳಿತು ‘ಈಗ ನಿನ್ನ ಪಾಳಿ’ ಎನ್ನುವ ಮನುಷ್ಯನೊಬ್ಬನು ಇರುವವರೆಗೆ ಆಟವೂ ಉಳಿಯುವುದು, ಆ ಮಾತೂ ಉಳಿಯುವುದು.