ಎರಡು ಶುಕ್ರವಾರಗಳ ಕಥೆ: ಆಫೀಸ್ ಕಂಪ್ಯೂಟರಿಗೆ ಆಟೋ ಅಪ್‌ಡೇಟ್ ಬೇಕಾ, ಬೇಡ್ವಾ?

ಭಾಗ 1/7: ಕಿಂಡಿ

ಓಬವ್ವನ ಕಿಂಡಿ ಹತ್ರ ಫೋಟೋ ತೆಗೆಸ್ಕೊಳ್ಳದೇ ಇರೋರು ನಮ್ಮ ಕ್ಲಾಸಲ್ಲಿ ಯಾರಾದ್ರೂ ಇದ್ದಾರಾ? ಕಥೆ ನಿಮಗೆಲ್ಲ ಬಾಯಿಪಾಠ. ಏಳು ಸುತ್ತಿನ ಕಲ್ಲಿನ ಕೋಟೆ, ಹೊರಗೆ ಹೈದರಾಲಿಯ ಸೈನ್ಯ. ಹೆಬ್ಬಾಗಿಲುಗಳೆಲ್ಲ ಭದ್ರ. ಅಪಾಯ ಬಂದಿದ್ದು ಒಬ್ಬ ಮನುಷ್ಯ ಮಾತ್ರ ತೂರಬಹುದಾದ ಒಂದು ಸಣ್ಣ ಸಂದಿಯಿಂದ. ಆ ಸಂದಿ ಒಳಗಿನವರಿಗೆ ಮೊದಲೇ ಗೊತ್ತಿತ್ತು. ಹೊರಗಿನವರ ಕಣ್ಣಿಗೆ ಬಿದ್ದ ದಿನ ಅದು ಗಂಡಾಂತರ ಆಯ್ತು. ಅವತ್ತು ಒನಕೆ ಹಿಡಿದು ನಿಲ್ಲೋಕೆ ಓಬವ್ವ ಇದ್ದಳು.

ಸಾಫ್ಟ್‌ವೇರ್ ಕೂಡ ಇಂಥದ್ದೇ ಕೋಟೆ. ಲಕ್ಷಗಟ್ಟಲೆ ಸಾಲು ಕೋಡ್ ಬರೆದ ಮೇಲೆ ಎಲ್ಲೋ ಒಂದು ಕಡೆ ಕಿಂಡಿ ಉಳಿದೇ ಉಳಿಯುತ್ತೆ. ಅದನ್ನು ಮುಚ್ಚೋಕೆ ಕಂಪನಿ ಕಳಿಸೋ ಕಲ್ಲು-ಗಾರೆಗೆ ನಾವು ಅಪ್‌ಡೇಟ್ ಅಂತೀವಿ. ಇದರಲ್ಲೊಂದು ವಿಚಿತ್ರ ಇದೆ. ಕಂಪನಿ ಅಪ್‌ಡೇಟ್ ಬಿಟ್ಟ ದಿನವೇ ಕಿಂಡಿ ಎಲ್ಲಿತ್ತು ಅನ್ನೋದು ಲೋಕಕ್ಕೆಲ್ಲ ಗೊತ್ತಾಗುತ್ತೆ. ಹಾಕ್ಕೊಂಡವರ ಕಿಂಡಿ ಮುಚ್ಚುತ್ತೆ. ಹಾಕ್ಕೊಳ್ಳದವರ ಕಿಂಡಿ ಮುಂದೆ "ದಾರಿ ಇಲ್ಲಿದೆ" ಅಂತ ಬೋರ್ಡ್ ಹಾಕಿದ ಹಾಗೆ.

ನಿಮ್ಮಲ್ಲಿ ಕೆಲವರು ಈಗಾಗ್ಲೇ ಡಿಟಿಪಿ ಅಂಗಡಿಯಲ್ಲೋ, ಗ್ರಾಮ ಒನ್ ಕೇಂದ್ರದಲ್ಲೋ, ಆಡಿಟರ್ ಆಫೀಸಲ್ಲೋ ಕೂತಿದ್ದೀರಿ. ಮೊದಲ ದಿನ ಸಿಗೋ ಸಲಹೆ ಹೆಚ್ಚಿನ ಕಡೆ ಒಂದೇ: "ಆ ಅಪ್‌ಡೇಟ್ ಆಫ್ ಮಾಡಿಬಿಡಪ್ಪಾ, ಸುಮ್ನೆ ತಲೆನೋವು." ಈ ಸಲಹೆ ಸರೀನಾ? ಇತಿಹಾಸ ಏನು ಹೇಳುತ್ತೆ ಅಂತ ನೋಡೋಣ ಬನ್ನಿ.

ಭಾಗ 2/7: ಆಟೋ ಅನ್ನೋದು ಯಾಕೆ ಬಂತು

ಮೈಕ್ರೋಸಾಫ್ಟ್ 1998ರಲ್ಲಿ ವಿಂಡೋಸ್ 98 ಜೊತೆ ಅಪ್‌ಡೇಟ್‌ಗೆ ಅಂತಲೇ ಒಂದು ಆನ್‌ಲೈನ್ ಸೇವೆ ತಂತು. ಬೇಕಾದವರು ತಾವೇ ಹೋಗಿ ಹಾಕ್ಕೋಬೇಕಿತ್ತು. ತಾನಾಗೇ ಬರೋ ಅಪ್‌ಡೇಟ್ ಶುರುವಾಗಿದ್ದು 2000ದಲ್ಲಿ, ವಿಂಡೋಸ್ ಮಿ ಆವೃತ್ತಿಯಿಂದ. ಆಗಲೂ ತುಂಬ ಜನ ತಲೆ ಕೆಡಿಸ್ಕೊಳ್ಳಲಿಲ್ಲ.

ಪಾಠ ಕಲಿಸಿದ್ದು 2003. ಜುಲೈ 16ಕ್ಕೆ ಮೈಕ್ರೋಸಾಫ್ಟ್ ಒಂದು ಕಿಂಡಿ ಮುಚ್ಚೋ ಅಪ್‌ಡೇಟ್ ಬಿಟ್ಟಿತು. ಆಗಸ್ಟ್ 11ಕ್ಕೆ ಅದೇ ಕಿಂಡಿಯಿಂದ ಬ್ಲಾಸ್ಟರ್ ಅನ್ನೋ ಹುಳ ನುಗ್ಗಿತು. ನಡುವೆ ಇದ್ದಿದ್ದು 26 ದಿನ. ಲಕ್ಷಾಂತರ ಕಂಪ್ಯೂಟರ್‌ಗಳು "ಇನ್ನು 60 ಸೆಕೆಂಡಲ್ಲಿ ಬಂದ್ ಆಗುತ್ತೆ" ಅಂತ ತೋರಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆದವು. ಔಷಧಿ ತಯಾರಾಗಿತ್ತು, ಯಾರೂ ಕುಡಿದಿರಲಿಲ್ಲ. ಅಷ್ಟೇ.

ಅದೇ ಅಕ್ಟೋಬರ್‌ನಿಂದ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡೋ ಪದ್ಧತಿ ಬಂತು. ನಮಗೆ ಅದು ಮಂಗಳವಾರ ರಾತ್ರಿ ಬರುತ್ತೆ. ಬುಧವಾರ ಬೆಳಿಗ್ಗೆ ಆಫೀಸ್ ತೆಗೆದ ತಕ್ಷಣ ಕಂಪ್ಯೂಟರ್ ಗಿರಗಿರ ತಿರುಗ್ತಾ ಕೂರೋದು ಇದೇ ಕಾರಣಕ್ಕೆ. 2004ರ ಆಗಸ್ಟಲ್ಲಿ ಬಂದ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2, ಆಟೋ ಅಪ್‌ಡೇಟ್ ಆನ್ ಮಾಡಿ ಅಂತ ಎಲ್ಲರನ್ನೂ ಕೇಳೋಕೆ ಶುರು ಮಾಡ್ತು. 2015ರ ವಿಂಡೋಸ್ 10 ಹೋಮ್ ಆವೃತ್ತಿಯಲ್ಲಿ ಆಫ್ ಮಾಡೋ ನೇರ ಸ್ವಿಚ್ಚೇ ಇರಲಿಲ್ಲ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. 2006ರಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ದಾರಿಯಲ್ಲೇ "ಈ ವಿಂಡೋಸ್ ಅಸಲಿಯಲ್ಲ" ಅಂತ ಪತ್ತೆ ಹಚ್ಚೋ ಸಾಫ್ಟ್‌ವೇರ್ ಕಳಿಸ್ತು. ಪೈರೇಟೆಡ್ ಕಾಪಿ ಇಟ್ಟುಕೊಂಡವರು ಹೆದರಿ ಅಪ್‌ಡೇಟ್ ಬಂದ್ ಮಾಡೋದಕ್ಕೆ ಅದೂ ಒಂದು ಕಾರಣ.

ಭಾಗ 3/7: ಮೊದಲ ಶುಕ್ರವಾರ, 12 ಮೇ 2017

ಮೂರು ತಾರೀಕು ನೆನಪಿಟ್ಕೊಳ್ಳಿ. 2017ರ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ಕಿಂಡಿ ಮುಚ್ಚಿತು. ಏಪ್ರಿಲ್ 14ಕ್ಕೆ ಆ ಕಿಂಡಿ ಒಳಗೆ ನುಗ್ಗೋ ಉಪಕರಣ ಇಂಟರ್ನೆಟ್‌ನಲ್ಲಿ ಬಹಿರಂಗ ಆಯ್ತು. ಅದನ್ನು ತಯಾರಿಸಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ, ಹೆಸರು ಇಟರ್ನಲ್‌ಬ್ಲೂ. ಮೇ 12ರ ಶುಕ್ರವಾರ ವಾನ್ನಾಕ್ರೈ ದಾಳಿ ಮಾಡ್ತು.

ಅಪ್‌ಡೇಟ್ ಬಂದು 59 ದಿನ ಆಗಿತ್ತು. ಆದರೂ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್ ಸಿಕ್ಕಿಬಿದ್ದವು. ಫೈಲುಗಳಿಗೆಲ್ಲ ಬೀಗ, ತೆಗೀಬೇಕಂದ್ರೆ 300 ಡಾಲರ್ ಬಿಟ್‌ಕಾಯಿನ್. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂದಾಜು 19,000 ಅಪಾಯಿಂಟ್‌ಮೆಂಟ್ ರದ್ದಾದವು. ಕೆಲವು ಕಡೆ ಆಂಬ್ಯುಲೆನ್ಸ್‌ಗಳನ್ನೇ ಬೇರೆ ಆಸ್ಪತ್ರೆಗೆ ತಿರುಗಿಸಬೇಕಾಯ್ತು.

ದೂರದ ಸುದ್ದಿ ಅನ್ಕೋಬೇಡಿ. ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳಿಗೆ ಹೊಡೆತ ಬಿತ್ತು. ಕೇರಳದ ವಯನಾಡಿನಲ್ಲಿ ತರಿಯೋಡ್ ಅನ್ನೋ ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗಳು ಸೋಮವಾರ ಆನ್ ಮಾಡಿದಾಗ ಬೀಗ ಬಿದ್ದಿತ್ತು. ಪಂಚಾಯಿತಿ ಕಚೇರಿ ಅಂದ್ರೆ ಗೊತ್ತಲ್ಲ, ಹೊಸದುರ್ಗದಲ್ಲೂ ಹೊಳಲ್ಕೆರೆಯಲ್ಲೂ ಇರೋ ಅಂಥದ್ದೇ. ಆ ಹುಳಕ್ಕೆ ಊರು ದೊಡ್ಡದಾ ಚಿಕ್ಕದಾ ಅನ್ನೋದು ಬೇಕಿರಲಿಲ್ಲ, ಮುಚ್ಚದ ಕಿಂಡಿ ಸಿಕ್ಕಿದ್ರೆ ಸಾಕಿತ್ತು.

ಬ್ಯಾಕಪ್ ಇಟ್ಕೊಂಡಿದ್ದವರು ಬಚಾವಾದರು. ಇಲ್ಲದವರಿಗೆ ಹೆಚ್ಚಿನ ಕಡೆ ಫೈಲು ವಾಪಸ್ ಸಿಗಲೇ ಇಲ್ಲ.

ಭಾಗ 4/7: ಅಪ್‌ಡೇಟೇ ಕೈಕೊಟ್ಟಾಗ

ಹಾಗಾದ್ರೆ ಬಂದಿದ್ದೆಲ್ಲ ಕಣ್ಣುಮುಚ್ಚಿ ಹಾಕ್ಕೊಳ್ಳೋದಾ? ಅದಕ್ಕೂ ಇತಿಹಾಸ ಸಾಕ್ಷಿ ಹೇಳಲ್ಲ.

ವಾನ್ನಾಕ್ರೈ ಆಗಿ ಒಂದೂವರೆ ತಿಂಗಳಿಗೆ, 2017ರ ಜೂನ್ 27ಕ್ಕೆ, ನಾಟ್‌ಪೆಟ್ಯಾ ಬಂತು. ಉಕ್ರೇನ್‌ನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸ್ತಿದ್ದ ಒಂದು ಸಾಫ್ಟ್‌ವೇರ್‌ನ ಅಪ್‌ಡೇಟ್ ಸರ್ವರ್‌ಗೇ ದಾಳಿಕೋರರು ಮೊದಲು ನುಗ್ಗಿದ್ದರು. ಗ್ರಾಹಕರು ನಂಬಿ ಹಾಕ್ಕೊಂಡ ಅಪ್‌ಡೇಟ್ ಒಳಗೇ ವಿಷ ಇತ್ತು. ಅಲ್ಲಿಂದ ಹರಡಿ ಹಡಗು ಕಂಪನಿ ಮೇರ್ಸ್ಕ್‌ಗೆ ತಗುಲಿ, ನಮ್ಮ ಮುಂಬೈನ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ ಕೆಲಸವೂ ಕೆಟ್ಟಿತು.

ಇನ್ನೊಂದು, 2018ರ ಅಕ್ಟೋಬರ್ 2. ಮೈಕ್ರೋಸಾಫ್ಟ್ ತಾನೇ ಬಿಟ್ಟ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ ಫೋಲ್ಡರಿನ ಫೈಲುಗಳನ್ನೇ ಅಳಿಸಿಹಾಕ್ತು. ಜನ ಬೊಬ್ಬೆ ಹಾಕಿದ ಮೇಲೆ ಒಂದೇ ವಾರದೊಳಗೆ ಅದನ್ನು ನಿಲ್ಲಿಸಿ, ಸರಿ ಮಾಡಿ, ನವೆಂಬರ್ 13ಕ್ಕೆ ಮತ್ತೆ ಬಿಟ್ಟರು.

"ಒಂದೇ ವಾರದೊಳಗೆ" ಅನ್ನೋ ಮಾತು ಗುರುತು ಹಾಕ್ಕೊಳ್ಳಿ, ಕೊನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 5/7: ಎರಡನೇ ಶುಕ್ರವಾರ, 19 ಜುಲೈ 2024

ಇದು ನಿಮಗೆಲ್ಲ ನೆನಪಿರುತ್ತೆ. ನೀಲಿ ಪರದೆ, ಏರ್‌ಪೋರ್ಟ್‌ನಲ್ಲಿ ಕೈಬರಹದ ಬೋರ್ಡಿಂಗ್ ಪಾಸ್, ಮೀಮ್ಸೋ ಮೀಮ್ಸು.

ಕ್ರೌಡ್‌ಸ್ಟ್ರೈಕ್ ಅನ್ನೋದು ದೊಡ್ಡ ಕಂಪನಿಗಳು ಬಳಸೋ ಭದ್ರತಾ ಸಾಫ್ಟ್‌ವೇರ್. ಅವತ್ತು ನಮ್ಮ ಸಮಯ ಬೆಳಿಗ್ಗೆ 9:39ಕ್ಕೆ ಅದು 291ನೇ ನಂಬರಿನ ಒಂದು ಸಣ್ಣ ಫೈಲ್ ಅನ್ನು ಕಳಿಸ್ತು. ಆ ಫೈಲ್ 21 ಮಾಹಿತಿ ನೋಡು ಅಂತಿತ್ತು, ಸಾಫ್ಟ್‌ವೇರ್ ಹತ್ರ ಇದ್ದಿದ್ದು 20. ಇಲ್ಲದ ಇಪ್ಪತ್ತೊಂದನೇದನ್ನು ಓದೋಕೆ ಹೋಗಿ ವಿಂಡೋಸ್ ಕುಸಿದುಬಿತ್ತು. 78 ನಿಮಿಷದಲ್ಲಿ ತಪ್ಪು ಫೈಲ್ ವಾಪಸ್ ತಗೊಂಡರು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ, 85 ಲಕ್ಷ ಕಂಪ್ಯೂಟರ್ ಮಲಗಿದ್ದವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಂಡಿಗೊ, ಆಕಾಸ, ಸ್ಪೈಸ್‌ಜೆಟ್ ಚೆಕ್-ಇನ್ ಕೈಯಲ್ಲೇ ಮಾಡಬೇಕಾಯ್ತು. ಇಂಡಿಗೊ ಒಂದೇ ಸುಮಾರು 200 ವಿಮಾನ ರದ್ದು ಮಾಡ್ತು. ಪ್ರತಿ ಕಂಪ್ಯೂಟರ್ ಮುಂದೆ ಒಬ್ಬರು ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಫೈಲ್ ಡಿಲೀಟ್ ಮಾಡಬೇಕಿತ್ತು. ಕೆಲವು ಕಂಪನಿಗಳಿಗೆ ಇದಕ್ಕೆ ದಿನಗಟ್ಟಲೆ ಹಿಡೀತು.

ಅವತ್ತೇ ವಾಟ್ಸಾಪ್‌ನಲ್ಲಿ ಶುರುವಾಯ್ತು: "ನೋಡಿದ್ರಾ, ಅದಕ್ಕೇ ಅಪ್‌ಡೇಟ್ ಆಫ್ ಇಡಬೇಕು ಅನ್ನೋದು." ಆದರೆ ಅದು ವಿಂಡೋಸ್ ಅಪ್‌ಡೇಟೇ ಆಗಿರಲಿಲ್ಲ. ವಿಂಡೋಸ್ ಅಪ್‌ಡೇಟ್ ಆಫ್ ಮಾಡಿದ್ದರೂ ಆ ಫೈಲ್ ಬಂದೇ ಬರ್ತಿತ್ತು. "ನಮಗೆ ಹೊಸದು ಸ್ವಲ್ಪ ತಡವಾಗಿ ಕೊಡಿ" ಅಂತ ಸೆಟ್ಟಿಂಗ್ ಮಾಡಿಕೊಂಡಿದ್ದ ಕಂಪನಿಗಳಿಗೂ ಬಂತು, ಯಾಕಂದ್ರೆ ಆ ಸೆಟ್ಟಿಂಗ್ ಈ ಬಗೆಯ ಫೈಲಿಗೆ ಅನ್ವಯ ಆಗ್ತಿರಲಿಲ್ಲ. ಆಮೇಲೆ ಕ್ರೌಡ್‌ಸ್ಟ್ರೈಕ್ ಮಾಡಿದ ಬದಲಾವಣೆ ಏನು ಗೊತ್ತಾ? ಎಲ್ಲರಿಗೂ ಒಟ್ಟಿಗೆ ಕಳಿಸೋದು ನಿಲ್ಲಿಸಿ ಹಂತ ಹಂತವಾಗಿ ಕಳಿಸೋದು, ಯಾವಾಗ ತಗೋಬೇಕು ಅನ್ನೋ ಹಿಡಿತ ಗ್ರಾಹಕರ ಕೈಗೂ ಕೊಡೋದು.

ಈಗ ಎರಡೂ ಶುಕ್ರವಾರ ಪಕ್ಕಪಕ್ಕ ಇಟ್ಟು ನೋಡಿ. 2024ರಲ್ಲಿ ಮಲಗಿದ ಕಂಪ್ಯೂಟರ್ ಎದ್ದಾಗ ಒಳಗಿನ ಫೈಲುಗಳು ಇದ್ದ ಹಾಗೇ ಇದ್ದವು. ಹೋಗಿದ್ದು ಸಮಯ ಮತ್ತು ದುಡ್ಡು. 2017ರಲ್ಲಿ ಹೋಗಿದ್ದು ದಾಖಲೆ.

ಭಾಗ 6/7: ನಮ್ಮ ನಾಲ್ಕು ಊರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಆಫೀಸುಗಳಲ್ಲಿ ಏನಿದೆ ಕಳ್ಕೊಳ್ಳೋಕೆ?

2000ದ ಸುಮಾರಿಗೆ ಶುರುವಾದ ಭೂಮಿ ಯೋಜನೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಯನ್ನು ಕಂಪ್ಯೂಟರಿಗೆ ತಂತು. ಅದು ಈಗ ಸರ್ಕಾರದ ಸರ್ವರ್‌ನಲ್ಲಿದೆ. ನಾಡಕಚೇರಿಯ ಒಂದು ಕಂಪ್ಯೂಟರ್ ಕೆಟ್ಟರೆ ನಿಮ್ಮ ಅಜ್ಜನ ಜಮೀನು ಅಳಿಸಿಹೋಗಲ್ಲ. ಆದರೆ ಅಡಿಕೆ ಮಂಡಿಯ ಟ್ಯಾಲಿ ಲೆಕ್ಕ, ಸೊಸೈಟಿಯ ಸಾಲದ ಪಟ್ಟಿ, ಖಾಸಗಿ ಶಾಲೆಯ ಫೀಸ್ ವಿವರ, ಪತ್ರ ಬರೆಯೋರ ಕರಡು? ಇವೆಲ್ಲ ಎಷ್ಟೋ ಕಡೆ ಒಂದೇ ಕಂಪ್ಯೂಟರಿನ ಒಂದೇ ಡಿಸ್ಕ್‌ನಲ್ಲಿ ಇರುತ್ತವೆ. ಒಂದು ವಾನ್ನಾಕ್ರೈ ಸಾಕು.

ಹಾಗಂತ ಆಫ್ ಮಾಡೋರು ದಡ್ಡರಲ್ಲ. ಅವರ ಕಾರಣಗಳೂ ನಿಜವೇ.

ಕರೆಂಟ್: ಅಪ್‌ಡೇಟ್ ನಡುವೆ ಹೋದ್ರೆ ಕಂಪ್ಯೂಟರ್ ಏಳದೇ ಇರಬಹುದು. ಇದಕ್ಕೆ ಯುಪಿಎಸ್ ಬೇಕೇ ಬೇಕು.

ಡೇಟಾ: ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನದ ಪ್ಯಾಕ್ ಖಾಲಿ. ಮೀಟರ್ಡ್ ಕನೆಕ್ಷನ್ ಅಂತ ಸೆಟ್ಟಿಂಗ್ ಇದೆ, ಆನ್ ಮಾಡಿ. ವಾರಕ್ಕೊಮ್ಮೆ ವೈಫೈ ಸಿಕ್ಕಾಗ ಅಪ್‌ಡೇಟ್ ಮಾಡಿ.

ಕ್ಯೂ: ಜನ ನಿಂತಿರುವಾಗಲೇ ರೀಸ್ಟಾರ್ಟ್. ಆ್ಯಕ್ಟಿವ್ ಅವರ್ಸ್‌ನಲ್ಲಿ ಆಫೀಸ್ ಟೈಮ್ ಹಾಕಿದ್ರೆ ಆ ಹೊತ್ತಲ್ಲಿ ತಾನಾಗೇ ರೀಸ್ಟಾರ್ಟ್ ಆಗಲ್ಲ.

ನುಡಿ: ದೊಡ್ಡ ಭಯ ಇದು. ಹಳೇ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಆ ಫೈಲ್ ತೆಗೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ. "ಅಪ್‌ಡೇಟ್ ಆದ್ರೆ ಹಳೇ ಪತ್ರ ಓದೋಕಾಗಲ್ಲ" ಅನ್ನೋ ಮಾತು ಇಲ್ಲಿಂದ ಹುಟ್ಟಿದ್ದು. ಇಲ್ಲಿ ಎರಡು ವಿಷಯ ಕಲಸಿಹೋಗಿದೆ. ತಿಂಗಳ ಭದ್ರತಾ ಅಪ್‌ಡೇಟ್ ಫಾಂಟ್ ತೆಗೆಯಲ್ಲ, ಕಿಂಡಿ ಮುಚ್ಚುತ್ತೆ. ವಿಂಡೋಸ್ 7 ತೆಗೆದು 11 ಹಾಕೋದು ಬೇರೆ ಕೆಲಸ. ಅದಕ್ಕೆ ಮೊದಲೇ ತಯಾರಿ ಬೇಕು, ಹಳೇ ಫೈಲುಗಳನ್ನು ಯೂನಿಕೋಡ್‌ಗೆ ಬದಲಾಯಿಸ್ಕೋಬೇಕು. ಎರಡಕ್ಕೂ ನಾವು "ಅಪ್‌ಡೇಟ್" ಅಂತಲೇ ಕರೀತೀವಿ, ಅಲ್ಲೇ ಎಡವಟ್ಟು.

ಭಾಗ 7/7: ತೀರ್ಪು

ತಾರೀಕುಗಳನ್ನೇ ಕೇಳೋಣ.

ಕೆಟ್ಟ ಅಪ್‌ಡೇಟ್ ಎಷ್ಟು ಬೇಗ ಸಿಕ್ಕಿಬಿತ್ತು? 2018ರಲ್ಲಿ ಒಂದು ವಾರದೊಳಗೆ. 2024ರಲ್ಲಿ 78 ನಿಮಿಷ.

ಮುಚ್ಚದ ಕಿಂಡಿಗೆ ಹುಳ ಯಾವಾಗ ನುಗ್ತು? 2003ರಲ್ಲಿ 26 ದಿನಕ್ಕೆ. 2017ರಲ್ಲಿ 59 ದಿನಕ್ಕೆ.

ಈ ಎರಡರ ನಡುವೆ ನಮ್ಮ ಉತ್ತರ ಇದೆ. ಒಂದು ವಾರ ಕಾಯೋದು ಜಾಣತನ, ಒಂದು ತಿಂಗಳು ಕಾಯೋದು ಜೂಜು, ಶಾಶ್ವತವಾಗಿ ಆಫ್ ಮಾಡೋದು ಕಿಂಡಿ ತೆಗೆದಿಟ್ಟು ಊಟಕ್ಕೆ ಹೋದ ಹಾಗೆ.

ಹಾಗಾಗಿ, ಮನೆಯ ಲ್ಯಾಪ್‌ಟಾಪ್‌ಗೆ ಆಟೋ ಆನ್ ಇರಲಿ, ಯೋಚನೆ ಬೇಡ. ಬ್ರೌಸರ್‌ಗೆ ಎಲ್ಲಿದ್ದರೂ ಆಟೋ. ನಾಲ್ಕೈದು ಕಂಪ್ಯೂಟರ್ ಇರೋ ಆಫೀಸಲ್ಲಿ ಒಂದಕ್ಕೆ ಬುಧವಾರವೇ ಬಿಡಿ. ಪ್ರಿಂಟರ್, ಬೆರಳಚ್ಚು ಯಂತ್ರ, ನುಡಿ, ಟ್ಯಾಲಿ ಎಲ್ಲ ನಡೆಯುತ್ತಾ ನೋಡಿ. ಮಿಕ್ಕವನ್ನು ಒಂದು ವಾರ ಪಾಸ್ ಮಾಡಿ, ಆಮೇಲೆ ಬಿಡಿ. ಆ ಪಾಸ್ ಬಟನ್ ವಿಂಡೋಸ್‌ನಲ್ಲೇ ಇದೆ, ಆಫ್ ಮಾಡೋ ಅಗತ್ಯವೇ ಇಲ್ಲ. ಕಳ್ಳರು ಈಗಾಗ್ಲೇ ಬಳಸ್ತಿರೋ ಕಿಂಡಿ ಅಂತ ಸುದ್ದಿ ಬಂದ್ರೆ ವಾರವೂ ಕಾಯಬೇಡಿ. ಅಪ್‌ಡೇಟ್ ಅನ್ನು ಸೆಟ್ಟಿಂಗ್ಸ್‌ನಿಂದ ಮಾತ್ರ ತಗೊಳ್ಳಿ, ವಾಟ್ಸಾಪ್ ಲಿಂಕ್‌ನಿಂದ ಅಲ್ಲ. ಮತ್ತೆ ಒಂದು ಹಾರ್ಡ್ ಡಿಸ್ಕ್‌ಗೆ ಬ್ಯಾಕಪ್ ತೆಗೆದು, ವೈರ್ ಕಿತ್ತು ಬೀರುವಿನಲ್ಲಿಡಿ. ಎರಡೂ ಬಗೆಯ ಶುಕ್ರವಾರಕ್ಕೆ ಅದೇ ಗತಿ.

ವಿಂಡೋಸ್ 7ಕ್ಕೆ ಉಚಿತ ಅಪ್‌ಡೇಟ್ ನಿಂತಿದ್ದು 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿದ್ದು 2025ರ ಅಕ್ಟೋಬರ್ 14ಕ್ಕೆ. ನೀವು ಕೆಲಸ ಮಾಡೋ ಕಡೆ ಯಾವುದಿದೆ ನೋಡಿ. 7 ಇದ್ರೆ ಆಟೋ ಆನ್ ಇಟ್ಟರೂ ಬರೋದು ಏನೂ ಇಲ್ಲ. ಓನರ್ ಹತ್ರ ಮಾತಾಡಿ. "ಹೊಸ ಕಂಪ್ಯೂಟರ್ ತಗೊಳ್ಳಿ ಸಾರ್" ಅಂದ್ರೆ ಬೈತಾರೆ, "ಸಾರ್, ಲೆಕ್ಕದ್ದೆಲ್ಲ ಇನ್ನೊಂದು ಕಾಪಿ ಎಲ್ಲಿದೆ?" ಅಂತ ಕೇಳಿ. ಅಲ್ಲಿಂದ ಮಾತು ತಾನಾಗೇ ಮುಂದೆ ಹೋಗುತ್ತೆ.

ಈ ಸರಣಿ ಸೇವ್ ಮಾಡ್ಕೊಳ್ಳಿ, ಕಂಪ್ಯೂಟರ್ ಮುಂದೆ ಕೂತು ದುಡಿಯೋ ಗೆಳೆಯರಿಗೆ ಕಳಿಸಿ. ನಿಮ್ಮ ಕಡೆ ಆಫ್ ಮಾಡೋಕೆ ಬೇರೆ ಏನಾದ್ರೂ ಕಾರಣ ಇದ್ರೆ ಬರೀರಿ. ಆಫೀಸ್ ಹೆಸರು ಮಾತ್ರ ಬೇಡ, ಕಿಂಡಿ ಎಲ್ಲಿದೆ ಅಂತ ನಾವೇ ಊರಿಗೆಲ್ಲ ಡಂಗುರ ಸಾರೋದು ಯಾಕೆ?

#ಚಿತ್ರದುರ್ಗ #ಹಿರಿಯೂರು #ಹೊಸದುರ್ಗ #ಹೊಳಲ್ಕೆರೆ #ಕನ್ನಡದಲ್ಲಿ_ಟೆಕ್ #ಇತಿಹಾಸ