ಎಳೆಯುವ ಎತ್ತು, ಓಡುವ ಎತ್ತು

ಎತ್ತು ಓಡುವ ಪ್ರಾಣಿಯೋ, ಎಳೆಯುವ ಪ್ರಾಣಿಯೋ? ಪ್ರಶ್ನೆ ಬಾಲಿಶವೆಂದು ತೋರಬಹುದು. ಆದರೆ ಇದು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಪ್ರಶ್ನೆ. 2014ರ ಮೇ 7ರಂದು ಹೊರಬಿದ್ದ ತೀರ್ಪು ಜಲ್ಲಿಕಟ್ಟನ್ನೂ ಎತ್ತಿನ ಬಂಡಿಯ ಓಟವನ್ನೂ ನಿಷೇಧಿಸಿತು. ಎತ್ತು ಕುದುರೆಯಂತೆ ಓಟಕ್ಕೆ ಒದಗುವ ದೇಹದ ಪ್ರಾಣಿಯಲ್ಲ ಎಂಬುದು ಅಲ್ಲಿ ಮುಂದಿಟ್ಟ ಕಾರಣಗಳಲ್ಲೊಂದು. ಬಂಡಿಯ ಪಂದ್ಯಗಳ ಹಿಂದುಮುಂದನ್ನು ಅರಸಹೊರಟ ನನಗೆ, ಈ ಮಾತಿಗೆ ನಮ್ಮ ನಾಡಿನ ಹಳ್ಳಿಗಳಲ್ಲಿಯೇ ಒಂದು ಉತ್ತರ ಸಿದ್ಧವಾಗಿತ್ತು ಎನಿಸುತ್ತದೆ.

ಆಳಂದ ತಾಲ್ಲೂಕಿನ ಹಿರೋಳ್ಳಿಯಿಂದ ಆರಂಭಿಸುತ್ತೇನೆ. ಕಲಬುರಗಿಯಿಂದ ಅಕ್ಕಲಕೋಟೆಯ ಕಡೆಗೆ ಹೋಗುವವರಿಗೆ ಇದು ಕರ್ನಾಟಕದ ಅಂಚಿನ ಊರು. ಈ ಅಂಚು ಹೊಸದೇನಲ್ಲ. 1948ರವರೆಗೆ ಇತ್ತ ನಿಜಾಮರ ಹೈದರಾಬಾದು, ಅತ್ತ ಭೋಸಲೆ ಮನೆತನದ ಅಕ್ಕಲಕೋಟೆ ಸಂಸ್ಥಾನ. 1956ರಲ್ಲಿ ಇತ್ತಣವರು ಮೈಸೂರು ರಾಜ್ಯಕ್ಕೆ ಸೇರಿದರು. ಅರಸರು ಬೇರೆಯಾದರೂ ನೆಲ ಒಂದೇ, ಆ ಎರೆಯಲ್ಲಿ ಬೆಳೆದ ಜೋಳವೂ ಒಂದೇ. ಗಡಿಯಾಚೆಯ ಮನೆಗಳಲ್ಲಿಯೂ ಕನ್ನಡ ಕೇಳಿಬರುತ್ತದೆ.

ಈ ಸೀಮೆಯ ಎತ್ತಿನ ಓಟವೆಂದರೆ ಮೊದಲು ಕಾರಹುಣ್ಣಿಮೆಯ ಕರಿ. ಜ್ಯೇಷ್ಠದ ಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುತ್ತಾರೆ. ಊರ ಅಗಸಿಗೆ ಅಡ್ಡಲಾಗಿ ಬೇವಿನ ತಪ್ಪಲು ಸಿಕ್ಕಿಸಿದ ಹಗ್ಗ, ಅದೇ ಕರಿ. ಇಳಿಹೊತ್ತಿನಲ್ಲಿ ಎತ್ತುಗಳನ್ನು ಓಡಿಸುತ್ತಾರೆ. ಮೊದಲು ಬಂದು ಹಗ್ಗ ಹರಿದದ್ದು ಬಿಳಿಯ ಎತ್ತಾದರೆ ಆ ವರ್ಷ ಬಿಳಿಯ ಬೆಳೆ ಹುಲುಸು, ಕೆಂದೆತ್ತಾದರೆ ಕೆಂಪು ಬೆಳೆ. ಓಟ ಮುಗಿಯುವುದು ಕೆಲವೇ ಗಳಿಗೆಯಲ್ಲಿ. ನಾನು ಕಂಡ ಕರಿಗಳಲ್ಲಿ ಬಹುಮಾನದ ಹಣವಿರಲಿಲ್ಲ. ಗೆದ್ದ ಎತ್ತಿನ ಒಡೆಯನಿಗೆ ಊರವರ ಮೆಚ್ಚುಗೆ, ಎತ್ತಿಗೆ ಮನೆಯಲ್ಲಿ ಆರತಿ. ಮರುದಿನ ಅದೇ ಎತ್ತು ಕುಂಟೆಗೆ. ಇದನ್ನು ನಾನು ಸ್ಪರ್ಧೆಯೆನ್ನುವುದಕ್ಕಿಂತ ಮಳೆಗಾಲದ ಪಂಚಾಂಗವೆನ್ನುತ್ತೇನೆ.

ಪಶ್ಚಿಮಕ್ಕೆ, ಕೃಷ್ಣೆ ಘಟಪ್ರಭೆಯರ ಸೀಮೆಗೆ ಹೋದರೆ ಕಾಣುವುದು ಬೇರೆಯೇ ಪಂದ್ಯ: ತೆರಬಂಡಿ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಜಾತ್ರೆಗಳಲ್ಲಿ ಇದಕ್ಕೆ ಸೇರುವ ಜನ ಅಪಾರ. ಬಂಡಿಯ ಗಾಲಿಗಳು ಉರುಳದಂತೆ ಬಿಗಿದುಬಿಡುತ್ತಾರೆ. ಉರುಳದ ಆ ಬಂಡಿಯನ್ನು ಒಂದು ಜೋಡಿ ಎತ್ತು ಗೊತ್ತುಮಾಡಿದ ಹೊತ್ತಿನಲ್ಲಿ ಎಷ್ಟು ದೂರ ಎಳೆದೊಯ್ಯುತ್ತದೆ ಎಂಬುದೇ ಲೆಕ್ಕ. ಗಡಿಯಾರ, ಅಳತೆಯ ಪಟ್ಟಿ, ಸುಣ್ಣದ ಗೆರೆ, ಎದುಸಿರು ಬಿಡುತ್ತ ವರ್ಣಿಸುವ ಧ್ವನಿವರ್ಧಕದವನು, ಹೆಸರು ಬರೆಸಿಕೊಳ್ಳುವ ಮೇಜು, ನಿರ್ಣಾಯಕರೊಡನೆ ಒಂದು ಗೇಣಿಗಾಗಿ ಜಗಳ: ಏರ್ಪಾಡೆಂದರೆ ಇಷ್ಟು. ಎತ್ತಿನ ಒಡೆಯನ ಏರ್ಪಾಡು ಮಾತ್ರ ತಿಂಗಳುಗಟ್ಟಲೆಯದು. ಹುರುಳಿ, ಹತ್ತಿಕಾಳು, ಹಿಂಡಿಗೆ ಆತ ಸುರಿಯುವ ಹಣವನ್ನು ಬಹುಮಾನ ತೀರಿಸುವುದೇ ಇಲ್ಲ. ಇಲ್ಲಿ ಪರೀಕ್ಷೆಗೆ ಬರುವುದು ಓಟವಲ್ಲ. ಎರೆಮಣ್ಣಿನ ಕೆಸರಿನಲ್ಲಿ ಹೂತ ಬಂಡಿಯನ್ನು ಮೇಲೆತ್ತುವ ಶಕ್ತಿ, ಒಕ್ಕಲಿಗನಿಗೆ ದಿನನಿತ್ಯ ಬೇಕಾಗಿದ್ದ ಶಕ್ತಿ.

ಎಳೆಯುವುದಕ್ಕೆ ಇಂಗ್ಲಿಷಿನಲ್ಲಿ ಡ್ರ್ಯಾಗ್ ಎನ್ನುತ್ತಾರೆ. ಆ ಹೆಸರಿನದೇ ಒಂದು ಮೋಟಾರು ಪಂದ್ಯ ಅಮೆರಿಕದಲ್ಲಿದೆ, ಅಲ್ಲಿ ಏನನ್ನೂ ಎಳೆಯುವುದಿಲ್ಲವೆಂಬುದು ಬೇರೆ ಮಾತು. ಕಾಲು ಮೈಲಿಯ, ಎಂದರೆ 402 ಮೀಟರಿನ ನೇರ ದಾರಿಯಲ್ಲಿ ಎರಡು ವಾಹನಗಳ ಓಟ. 1950ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಆನಾ ವಿಮಾನದಾರಿಯಲ್ಲಿ ಅದಕ್ಕೊಂದು ವ್ಯವಸ್ಥೆ ಬಂದಿತು. ಮರುವರ್ಷ ವಾಲಿ ಪಾರ್ಕ್ಸ್ ಎಂಬಾತ ಸಂಘ ಕಟ್ಟಿ ನಿಯಮ ಬರೆಸಿದ. ವೇಗ ಬೆಳೆಯಿತು, ಸಾವುಗಳೂ ಬಂದವು. 2008ರಲ್ಲಿ ಓಟಗಾರನೊಬ್ಬ ಮಡಿದ ಮೇಲೆ ಅತಿವೇಗದ ವಾಹನಗಳಿಗೆ ದೂರವನ್ನು ಸಾವಿರ ಅಡಿಗೆ ಇಳಿಸಿದರು. ಈ ನಡುವೆ ಕೆಲವರಿಗೆ ಹಳೆಯ ದಿನಗಳ ಹಂಬಲ ಹುಟ್ಟಿ, ಹಳೆಯ ಮಾದರಿಯ ವಾಹನಗಳಿಗೆಂದೇ ಬೇರೆ ಪಂದ್ಯಗಳನ್ನು ಹೂಡಿದರು. 1959ರಿಂದ ಬೇಕರ್ಸ್‌ಫೀಲ್ಡಿನ ಬಳಿ ಖ್ಯಾತಿ ಪಡೆದ ಮಾರ್ಚ್ ತಿಂಗಳ ಪಂದ್ಯ ಇಂದು ಇಂಥವರ ಕೂಟ. ನನಗೆ ಹಿಡಿಸಿದ್ದು ಅವರ ಒಂದು ಕಟ್ಟುಪಾಡು. ನೆನಪಿನ ಹೆಸರಿನಲ್ಲಿ ಓಡಿಸುವುದಾದರೆ ವಾಹನವೂ ಆ ಕಾಲದ ಮಾದರಿಯದೇ ಆಗಿರಬೇಕು.

ನಮ್ಮಲ್ಲಿ ಆದದ್ದೇನು? 2017ರಲ್ಲಿ ಕರ್ನಾಟಕ ಸರ್ಕಾರ ಕಾಯಿದೆಯನ್ನು ತಿದ್ದಿ, ಅನಗತ್ಯ ಹಿಂಸೆಯಾಗಬಾರದೆಂಬ ನಿಬಂಧನೆಯೊಡನೆ ಕಂಬಳಕ್ಕೂ ಎತ್ತಿನ ಬಂಡಿಯ ಓಟಕ್ಕೂ ದಾರಿ ಮಾಡಿತು. ಮಹಾರಾಷ್ಟ್ರವೂ ಅದೇ ವರ್ಷ ತಿದ್ದುಪಡಿ ತಂದಿತಾದರೂ ಮುಂಬಯಿಯ ಉಚ್ಚ ನ್ಯಾಯಾಲಯ ತಡೆಯಿತು. ಅಲ್ಲಿಯ ಬಂಡಿಗಳು ಹೊರಡಲು 2021ರ ಡಿಸೆಂಬರ್ 16ರ ಆದೇಶದವರೆಗೆ ಕಾಯಬೇಕಾಯಿತು. ಹಿರೋಳ್ಳಿಯ ಒಂದೇ ರಸ್ತೆಯ ಎರಡು ಕಡೆ ಎತ್ತಿಗೆ ಎರಡು ಕಾನೂನು! ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಪರಂಪರೆ ಉಳಿಯಿತೆಂದು ಹಲವರು ಹಿಗ್ಗಿದರು. ನನ್ನ ಹಿಗ್ಗು ಅರ್ಧದ್ದು. ಉಳಿದದ್ದು ಯಾವ ಪರಂಪರೆ? ಬಹುಮಾನವಿಲ್ಲದ ಕರಿಯ ಹೆಸರು ಹೇಳಿ, ಮೋಟಾರು ಬೈಕನ್ನು ಬಹುಮಾನವಿಟ್ಟ ಓಟಗಳು ನಡೆಯುತ್ತವೆ. ಹೊಲದಿಂದ ಎತ್ತನ್ನು ಹೊರಗಟ್ಟಿದ್ದು ಯಂತ್ರ; ಎತ್ತು ಗೆದ್ದು ತರುವುದೂ ಯಂತ್ರವೇ. ಪಂತ ಹೆಚ್ಚಿದಷ್ಟೂ ಬಾರುಕೋಲಿನ ಏಟೂ ಹೆಚ್ಚುತ್ತದೆ. ಅಮೆರಿಕದವರ ಕಟ್ಟುಪಾಡನ್ನು ಇಲ್ಲಿಗೂ ತರುವುದಾದರೆ ಹಳೆಯ ಕರಿಯನ್ನು ಹಳೆಯ ರೀತಿಯಲ್ಲೇ ನಡೆಸಬೇಕು. ಬಲದ ಪರೀಕ್ಷೆ ಬೇಕೆನ್ನುವವರು ತೆರಬಂಡಿಯನ್ನು ಕೋಲಿಲ್ಲದೆ ಹೂಡಲಿ.

ಇದರಲ್ಲಿ ತಳಿಯ ಪ್ರಶ್ನೆಯೂ ಇದೆ. ಓಟದ ಕಣದಲ್ಲಿ ಬೆಲೆ ಬಂದದ್ದು ಚುರುಕಾದ, ಹಗುರ ಮೈಯ ಖಿಲಾರಿಗೆ. ಟ್ರ್ಯಾಕ್ಟರಿನ ಕಾಲದಲ್ಲಿಯೂ ಅದನ್ನು ಸಾಕುವವರಿದ್ದಾರೆಂದರೆ ಅದಕ್ಕೆ ಪಂದ್ಯವೂ ಒಂದು ಕಾರಣ. ನಿಷೇಧವನ್ನು ಬೇಡಿದವರು ಈ ಮಾತನ್ನು ಅಷ್ಟಾಗಿ ಎಣಿಸಲಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಾಂಗಲಿಯ ಪಟವರ್ಧನ ಅರಸರು ಗೀರ್, ಓಂಗೋಲ್ ಮೊದಲಾದ ತಳಿಗಳನ್ನು ನಾಡ ದನಗಳೊಡನೆ ಬೆರೆಸಿ, ಎರೆಭೂಮಿಯ ಭಾರ ಎಳೆಯಲೆಂದೇ ಬೆಳೆಸಿದ ಕೃಷ್ಣಾತೀರದ ಎತ್ತು ಓಟಕ್ಕೆ ಒದಗುವುದಲ್ಲ. ನಿಧಾನಿ, ದಪ್ಪ ಮೈ, ಸಾಧು ಸ್ವಭಾವ. ಹೊಲದಲ್ಲಿ ಅದರ ಕೆಲಸ ಟ್ರ್ಯಾಕ್ಟರಿನ ಪಾಲಾಯಿತು. ಓಟದ ಕಣದಲ್ಲಿ ಅದಕ್ಕೆ ಸ್ಥಾನವಿಲ್ಲ. ಮುಧೋಳ, ಜಮಖಂಡಿ, ಅಥಣಿಯ ಕಡೆ ಇಂದಿಗೂ ಅದನ್ನು ಕಟ್ಟಿಕೊಂಡಿರುವವರು ಕೆಲವೇ ಮಂದಿ.