ಮಲ್ಟಿಪಲ್ ಸ್ಕ್ಲೆರೋಸಿಸ್

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳನ್ನು ಬಾಧಿಸುವ ದೀರ್ಘಕಾಲದ ಕಾಯಿಲೆ. ಸೋಂಕುಗಳಿಂದ ದೇಹವನ್ನು ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇದರಲ್ಲಿ ನರತಂತುಗಳ ಮೇಲಿನ ಮಯಲಿನ್ ಎಂಬ ಹೊದಿಕೆಯನ್ನು ಹಾಳುಮಾಡುತ್ತದೆ. ಸಾಮಾನ್ಯವಾಗಿ 20ರಿಂದ 40 ವರ್ಷ ವಯಸ್ಸಿನೊಳಗೆ ಆರಂಭವಾಗುವ ಈ ರೋಗವು ಪುರುಷರಿಗಿಂತ ಮಹಿಳೆಯರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚಾಗಿ ಕಂಡುಬರುತ್ತದೆ. ಜಗತ್ತಿನಾದ್ಯಂತ 28 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆಯೆಂದು ಅಂದಾಜಿಸಲಾಗಿದೆ. ಬಹುತೇಕ ರೋಗಿಗಳು ಮೊದಲ ದಾಳಿಯಿಂದ ಪೂರ್ಣವಾಗಿ ಇಲ್ಲವೇ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ. ಆದರೆ ಲಕ್ಷಣಗಳು ಮರೆಯಾದ ಮಾತ್ರಕ್ಕೆ ರೋಗ ನಿಂತಿತೆಂದು ಅರ್ಥವಲ್ಲ.

ಹೆಸರು ಮತ್ತು ಇತಿಹಾಸ

ಸ್ಕ್ಲೆರೋಸಿಸ್ ಎಂದರೆ ಗಟ್ಟಿಯಾಗುವಿಕೆ. ಕೇಂದ್ರ ನರವ್ಯೂಹದ ಹಲವೆಡೆ ಗಟ್ಟಿಯಾದ ಕಲೆಗಳು ಉಂಟಾಗುವುದರಿಂದ ಈ ಹೆಸರು ಬಂದಿದೆ. ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ನರರೋಗತಜ್ಞ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು.

ಕಾರಣಗಳು

ನಿರ್ದಿಷ್ಟ ಕಾರಣ ಒಂದೇ ಇಲ್ಲ. ಆನುವಂಶಿಕ ಒಲವು ಮತ್ತು ಪರಿಸರದ ಅಂಶಗಳು ಸೇರಿ ರೋಗ ಉಂಟಾಗುತ್ತದೆ. ಎಪ್‌ಸ್ಟೀನ್-ಬಾರ್ ವೈರಸ್‌ನ ಸೋಂಕು, ಧೂಮಪಾನ ಹಾಗೂ ವಿಟಮಿನ್ ಡಿ ಕೊರತೆ ಅಪಾಯದೊಂದಿಗೆ ಸಂಬಂಧ ಹೊಂದಿವೆ. ಅಮೆರಿಕದ ಸೈನಿಕರ ರಕ್ತದ ಮಾದರಿಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವೈರಸ್ ತಗುಲಿದ ಬಳಿಕ ಅಪಾಯ 32 ಪಟ್ಟು ಹೆಚ್ಚುವುದು ಕಂಡುಬಂದಿತು. ಆದರೂ ವೈರಸ್ ತಗುಲಿದವರಲ್ಲಿ ಬಹುತೇಕರಿಗೆ ಎಂಎಸ್ ಬರುವುದಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ.

ಮೊದಲ ದಾಳಿ

ಜ್ವರ ಅಥವಾ ಸೋಂಕಿನ ಕಾರಣವಿಲ್ಲದೆ ಕನಿಷ್ಠ 24 ಗಂಟೆಗಳ ಕಾಲ ಇರುವ ನರಸಂಬಂಧಿ ತೊಂದರೆಯನ್ನು ದಾಳಿ ಎನ್ನುತ್ತಾರೆ. ಹಾನಿ ಎಲ್ಲಿ ಆಗಿದೆ ಎಂಬುದನ್ನು ಅವಲಂಬಿಸಿ ಲಕ್ಷಣಗಳು ಬದಲಾಗುತ್ತವೆ:

* ದೃಷ್ಟಿನರದಲ್ಲಿ ಉರಿಯೂತವಾದರೆ ಒಂದು ಕಣ್ಣು ಮಂಜಾಗಿ, ಅದನ್ನು ಹೊರಳಿಸಿದಾಗ ನೋವಾಗುತ್ತದೆ.
* ಬೆನ್ನುಹುರಿಯಲ್ಲಾದರೆ ಕೈಕಾಲುಗಳಲ್ಲಿ ಜೋಮು, ಬಲಹೀನತೆ ಅಥವಾ ಮೂತ್ರ ವಿಸರ್ಜನೆಯ ತೊಂದರೆ ಉಂಟಾಗುತ್ತದೆ.
* ಮಿದುಳಿನ ಕಾಂಡದಲ್ಲಾದರೆ ವಸ್ತುಗಳು ಎರಡೆರಡಾಗಿ ಕಾಣುವುದು, ತಲೆ ಸುತ್ತುವುದು ಮೊದಲಾದವು ಕಾಣಿಸಿಕೊಳ್ಳುತ್ತವೆ.

ರೋಗನಿರ್ಣಯಕ್ಕೆ 2001ರಲ್ಲಿ ರೂಪುಗೊಂಡು ಹಲವು ಬಾರಿ ಪರಿಷ್ಕೃತವಾದ ಮ್ಯಾಕ್‌ಡೊನಾಲ್ಡ್ ಮಾನದಂಡಗಳನ್ನು ಬಳಸಲಾಗುತ್ತದೆ. ಎಂಆರ್‌ಐ ಚಿತ್ರಗಳು ಹಾಗೂ ಮಿದುಳು-ಬೆನ್ನುಹುರಿ ದ್ರವದ ಪರೀಕ್ಷೆಯ ನೆರವಿನಿಂದ, ಎರಡನೆಯ ದಾಳಿಗೆ ಕಾಯದೆ ಮೊದಲ ದಾಳಿಯ ಹಂತದಲ್ಲಿಯೇ ಅನೇಕರಲ್ಲಿ ರೋಗವನ್ನು ಖಚಿತಪಡಿಸಬಹುದು.

ವಿಧಗಳು

1996ರಲ್ಲಿ ಮಾಡಲಾದ ವರ್ಗೀಕರಣವನ್ನು 2013ರಲ್ಲಿ ಪರಿಷ್ಕರಿಸಲಾಯಿತು. ಈಗ ಬಳಕೆಯಲ್ಲಿರುವ ಮುಖ್ಯ ವಿಧಗಳು ಇವು:

* ಕ್ಲಿನಿಕಲಿ ಐಸೊಲೇಟೆಡ್ ಸಿಂಡ್ರೋಮ್: ಎಂಎಸ್ ಅನ್ನು ಹೋಲುವ ಮೊದಲ ದಾಳಿ ಆಗಿದ್ದು, ರೋಗವನ್ನು ಖಚಿತಪಡಿಸಲು ಬೇಕಾದ ಮಾನದಂಡಗಳು ಇನ್ನೂ ಪೂರ್ಣಗೊಂಡಿರದ ಸ್ಥಿತಿ. ಇವರೆಲ್ಲರಿಗೂ ಮುಂದೆ ಎಂಎಸ್ ಬರುವುದಿಲ್ಲ.
* ಮರುಕಳಿಸುವ-ಉಪಶಮನಗೊಳ್ಳುವ ಎಂಎಸ್: ದಾಳಿ, ಬಳಿಕ ಚೇತರಿಕೆ, ಕೆಲಕಾಲದ ನಂತರ ಮತ್ತೆ ದಾಳಿ ಎಂಬ ಕ್ರಮದಲ್ಲಿ ಸಾಗುತ್ತದೆ. ಸುಮಾರು ಶೇ. 85 ರೋಗಿಗಳಲ್ಲಿ ಕಾಯಿಲೆ ಹೀಗೆಯೇ ಆರಂಭವಾಗುತ್ತದೆ.
* ದ್ವಿತೀಯಕ ಪ್ರಗತಿಶೀಲ ಎಂಎಸ್: ಮೇಲಿನ ವಿಧದವರಲ್ಲಿ ಕೆಲವರಿಗೆ ವರ್ಷಗಳ ನಂತರ, ದಾಳಿಗಳಿದ್ದರೂ ಇಲ್ಲದಿದ್ದರೂ, ಅಸಾಮರ್ಥ್ಯ ನಿಧಾನವಾಗಿ ಹೆಚ್ಚತೊಡಗುತ್ತದೆ.
* ಪ್ರಾಥಮಿಕ ಪ್ರಗತಿಶೀಲ ಎಂಎಸ್: ಆರಂಭದಿಂದಲೇ ಲಕ್ಷಣಗಳು ನಿಧಾನವಾಗಿ ಬೆಳೆಯುತ್ತವೆ. ಇದು ಶೇ. 10ರಿಂದ 15 ರೋಗಿಗಳಲ್ಲಿ ಕಂಡುಬರುತ್ತದೆ.

ಚೇತರಿಕೆ

ದಾಳಿಯ ಲಕ್ಷಣಗಳು ಕೆಲವು ದಿನಗಳಲ್ಲಿ ತೀವ್ರವಾಗಿ, ನಂತರದ ವಾರಗಳಲ್ಲಿ ಇಳಿಯುತ್ತವೆ. ಸುಧಾರಣೆ ಹಲವು ತಿಂಗಳವರೆಗೂ ಮುಂದುವರಿಯಬಹುದು. ಇದಕ್ಕೆ ಮೂರು ಪ್ರಕ್ರಿಯೆಗಳು ಕಾರಣ. ಮೊದಲು ಉರಿಯೂತ ಮತ್ತು ಬಾವು ತಗ್ಗುತ್ತವೆ. ಹೊದಿಕೆ ಕಳೆದುಕೊಂಡ ನರತಂತು ಸಂಕೇತಗಳನ್ನು ಸಾಗಿಸಲು ಹೊಂದಿಕೊಳ್ಳುತ್ತದೆ. ಬಳಿಕ ಮಯಲಿನ್ ಭಾಗಶಃ ಮರುರಚನೆಯಾಗುತ್ತದೆ. ಜೊತೆಗೆ ಮಿದುಳಿನ ಇತರ ಭಾಗಗಳು ಹಾನಿಗೊಂಡ ಭಾಗದ ಕೆಲಸವನ್ನು ಒಂದಿಷ್ಟು ವಹಿಸಿಕೊಳ್ಳುತ್ತವೆ. ತಂತುವೇ ತುಂಡಾಗಿದ್ದರೆ ಆ ನಷ್ಟ ಶಾಶ್ವತ.

ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಅನ್ನು ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ರಕ್ತನಾಳದ ಮೂಲಕ ನೀಡುತ್ತಾರೆ. ದೃಷ್ಟಿನರದ ಉರಿಯೂತ ಕುರಿತು ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದು ತೋರಿಸಿದಂತೆ, ಸ್ಟಿರಾಯ್ಡ್ ಚೇತರಿಕೆಯನ್ನು ಬೇಗನೆ ತರುತ್ತದೆಯೇ ಹೊರತು ಕೊನೆಗೆ ಉಳಿಯುವ ದೃಷ್ಟಿಯ ಮಟ್ಟವನ್ನು ಬದಲಿಸುವುದಿಲ್ಲ. ಸ್ಟಿರಾಯ್ಡ್‌ಗೆ ಸ್ಪಂದಿಸದ ತೀವ್ರ ದಾಳಿಗಳಲ್ಲಿ ಪ್ಲಾಸ್ಮಾ ವಿನಿಮಯ ಚಿಕಿತ್ಸೆಯನ್ನು ಬಳಸಲಾಗುತ್ತದೆ. ಭೌತಚಿಕಿತ್ಸೆ ಮತ್ತು ನಿಯಮಿತ ವ್ಯಾಯಾಮ ನಡಿಗೆ ಹಾಗೂ ಸಮತೋಲನಕ್ಕೆ ನೆರವಾಗುತ್ತವೆ.

ಚೇತರಿಸಿಕೊಂಡವರಲ್ಲೂ ದಣಿವು, ಬಣ್ಣಗಳು ಮಸುಕಾಗಿ ಕಾಣುವುದು, ಜೋಮು ಮುಂತಾದವು ಉಳಿಯಬಹುದು. ಜ್ವರ, ಬಿಸಿನೀರಿನ ಸ್ನಾನ ಅಥವಾ ಬೇಸಿಗೆಯ ಸೆಕೆಯಲ್ಲಿ ಹಳೆಯ ಲಕ್ಷಣಗಳು ತಾತ್ಕಾಲಿಕವಾಗಿ ಮರಳುವುದುಂಟು. 1890ರಲ್ಲಿ ಇದನ್ನು ವಿವರಿಸಿದ ಜರ್ಮನ್ ನೇತ್ರತಜ್ಞನ ಹೆಸರಿನಿಂದ ಇದನ್ನು ಊಟ್‌ಹೋಫ್ ವಿದ್ಯಮಾನ ಎನ್ನುತ್ತಾರೆ. ದೇಹ ತಣಿದಾಗ ಇದು ಶಮನವಾಗುತ್ತದೆ; ಇದು ಹೊಸ ದಾಳಿಯಲ್ಲ.

ಮುನ್ನೋಟ

ಮೊದಲ ದಾಳಿಯ ನಂತರದ ಅಪಾಯವನ್ನು ಅಳೆಯಲು ಎಂಆರ್‌ಐ ಮುಖ್ಯ ಆಧಾರ. ಮೇಲೆ ಹೇಳಿದ ದೃಷ್ಟಿನರದ ಅಧ್ಯಯನದಲ್ಲಿ, ಆರಂಭದ ಎಂಆರ್‌ಐನಲ್ಲಿ ಮಿದುಳಿನಲ್ಲಿ ಕಲೆಗಳಿಲ್ಲದವರ ಪೈಕಿ ಶೇ. 25ರಷ್ಟು ಹಾಗೂ ಒಂದಾದರೂ ಕಲೆ ಇದ್ದವರ ಪೈಕಿ ಶೇ. 72ರಷ್ಟು ಜನರಿಗೆ 15 ವರ್ಷಗಳೊಳಗೆ ಎಂಎಸ್ ಬಂದಿತು. ಮೊದಲ ದಾಳಿಯಿಂದ ಪೂರ್ಣ ಚೇತರಿಕೆ, ಎಳೆಯ ವಯಸ್ಸು ಮತ್ತು ದಾಳಿಗಳ ನಡುವಿನ ದೀರ್ಘ ಅಂತರ ಒಳ್ಳೆಯ ಸೂಚನೆಗಳು. ಬೆನ್ನುಹುರಿಯಲ್ಲಿನ ಕಲೆಗಳು, ಅಪೂರ್ಣ ಚೇತರಿಕೆ ಹಾಗೂ ಧೂಮಪಾನ ಪ್ರತಿಕೂಲವಾದವು.

ದೀರ್ಘಕಾಲದ ಚಿಕಿತ್ಸೆ

ಕಾಯಿಲೆಯನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಆದರೆ ದಾಳಿಗಳನ್ನು ತಗ್ಗಿಸುವ ಔಷಧಗಳು 1993ರಿಂದ ಲಭ್ಯವಿವೆ. ಅವುಗಳಲ್ಲಿ ಇಂಟರ್‌ಫೆರಾನ್ ಬೀಟಾ ಮೊದಲನೆಯದು. ನಟಾಲಿಜುಮ್ಯಾಬ್, ಫಿಂಗೋಲಿಮಾಡ್ ಮೊದಲಾದವು ನಂತರ ಬಂದವು. 2017ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಓಕ್ರೆಲಿಜುಮ್ಯಾಬ್, ಪ್ರಾಥಮಿಕ ಪ್ರಗತಿಶೀಲ ವಿಧಕ್ಕೆ ದೊರೆತ ಮೊದಲ ಔಷಧ. ಎಂಆರ್‌ಐನಲ್ಲಿ ಕಾಣುವ ಹೊಸ ಕಲೆಗಳಲ್ಲಿ ಹೆಚ್ಚಿನವು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಆದ್ದರಿಂದ ರೋಗ ಖಚಿತವಾದವರಿಗೆ, ಆರೋಗ್ಯ ಚೆನ್ನಾಗಿದೆಯೆನಿಸಿದಾಗಲೂ, ಬೇಗನೆ ಚಿಕಿತ್ಸೆ ಆರಂಭಿಸಿ ಮುಂದುವರಿಸಲು ತಜ್ಞರು ಸೂಚಿಸುತ್ತಾರೆ.

ಭಾರತದಲ್ಲಿ

ಯುರೋಪ್ ಮತ್ತು ಉತ್ತರ ಅಮೆರಿಕಕ್ಕೆ ಹೋಲಿಸಿದರೆ ಭಾರತದಲ್ಲಿ ಎಂಎಸ್ ವಿರಳ. ಇದನ್ನು ಹೋಲುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಕಾಯಿಲೆಯನ್ನು ರಕ್ತದಲ್ಲಿನ ಅಕ್ವಾಪೊರಿನ್-4 ಪ್ರತಿಕಾಯದ ಪರೀಕ್ಷೆಯಿಂದ ಬೇರ್ಪಡಿಸಿ ಗುರುತಿಸುವುದು ಅಗತ್ಯ; ಎಂಎಸ್‌ಗೆ ನೀಡುವ ಕೆಲವು ಔಷಧಗಳು ಆ ಕಾಯಿಲೆಯನ್ನು ಉಲ್ಬಣಗೊಳಿಸುತ್ತವೆ. ಕರ್ನಾಟಕದಲ್ಲಿ ಮಂಗಳೂರಿನ ಸಂಶೋಧಕರು ಈ ಬಗೆಯ ಕಾಯಿಲೆಗಳ ರೋಗಿಗಳ ನೋಂದಣಿಯನ್ನು ನಡೆಸಿಕೊಂಡು ಬಂದಿದ್ದಾರೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಸೇರಿದೆ.